ಮಗಳು ಫಿಟ್ಟರ್ ಆಗ್ತೀನಿ ಅಂದರೆ: ಅಪ್ರೆಂಟಿಸ್ ಆಗಿ ಸೇರುವುದು ಹೇಗೆ?

ಅಕ್ಕನ ಮಗಳು ಐಟಿಐ ಫಿಟ್ಟರ್ ಪಾಸಾದಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು: "ಯಾಕಮ್ಮ, ಕಂಪ್ಯೂಟರ್ ಸಿಗಲಿಲ್ವಾ?" ಅವಳು ಉತ್ತರ ಕೊಡಲಿಲ್ಲ. ಅರ ಉಜ್ಜಿ ಉಜ್ಜಿ ಬೊಬ್ಬೆ ಎದ್ದಿದ್ದ ಅಂಗೈ ತೋರಿಸಿ ನಕ್ಕಳು, ಅಷ್ಟೇ. ಆಮೇಲೆ ಅವಳ ಜೊತೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡು ಷೆಡ್ಡು ಸುತ್ತಿದವನು ನಾನು. ನಿಮ್ಮ ಮನೆಯಲ್ಲೂ ಲೇತ್, ವೆಲ್ಡಿಂಗ್, ವೈರಿಂಗ್ ಅನ್ನುವ ಹುಡುಗಿ ಇದ್ದರೆ ಇದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ದುಡ್ಡಿನ ಲೆಕ್ಕ

ಅಪ್ರೆಂಟಿಸ್ ಅಂದರೆ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಕಸುಬು ಕಲಿಯುವವರು. ಅದರ ಕಾಯ್ದೆ 1961ರದ್ದು. ಸರ್ಕಾರಿ ಕಾಗದದಲ್ಲಿ 'ಶಿಶಿಕ್ಷು' ಅಂತ ಇರುತ್ತದೆ. ಪೀಣ್ಯದಲ್ಲಿ ಆ ಪದ ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ಅಪ್ರೆಂಟಿಸ್ ಅನ್ನಿ. ಕಲಿಯುವಾಗ ತಿಂಗಳು ತಿಂಗಳು ಸಿಗುವ ಸ್ಟೈಪೆಂಡ್‌ನಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಕೊಡುವ ಯೋಜನೆ 2016ರಲ್ಲಿ ಶುರುವಾಯಿತು. ಹೆಸರು ಎನ್‌ಎಪಿಎಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ. ನಿಗದಿಯಾದ ಸ್ಟೈಪೆಂಡ್‌ನ ಶೇ 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ, ನೇರ ಹುಡುಗಿಯ ಖಾತೆಗೆ ಬರುತ್ತದೆ. ಉಳಿದದ್ದು ಕಂಪನಿಯದು.

2019ರ ನಿಯಮದಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಕನಿಷ್ಠ 6,000, ಐಟಿಐ ಆದವರಿಗೆ 7,000 ರೂಪಾಯಿ ಅಂತ ಇಟ್ಟರು. 7,000ಕ್ಕೆ ಶೇ 25 ಅಂದರೆ 1,750. ಆದರೆ 1,500ರ ಮಿತಿ ಇದೆಯಲ್ಲ, ಹಾಗಾಗಿ ಸರ್ಕಾರದ್ದು 1,500, ಮಾಲೀಕರದ್ದು 5,500. ಪಾಸ್‌ಬುಕ್ಕಿನಲ್ಲಿ ಎರಡು ಸಾಲು ಬರಬೇಕು, ಒಂದೇ ಬಂದರೆ ಕೇಳಬೇಕು. ಈ ಮೊತ್ತವನ್ನು ಶೇ 36ರಷ್ಟು ಏರಿಸಿ ಎಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇನಲ್ಲಿ ಶಿಫಾರಸು ಮಾಡಿದೆ. ಆದ್ದರಿಂದ ಸೇರುವ ದಿನ ಒಪ್ಪಂದದಲ್ಲಿ ಬರೆದಿರುವ ಅಂಕಿಯನ್ನೇ ನೋಡಿ.

ಇಷ್ಟು ದುಡ್ಡಲ್ಲಿ ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಬದುಕೋಕಾಗುತ್ತಾ? ಆಗುವುದಿಲ್ಲ. ಮನೆಯಿಂದಲೇ ಓಡಾಡುವವರಿಗೆ ನಡೆಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ ಆಗಿರುವುದು ಇಲ್ಲಿ ದೊಡ್ಡ ಅನುಕೂಲ. ನಮ್ಮ ಹುಡುಗಿಗೆ ಬಸ್ಸಿನ ಖರ್ಚೇ ಇಲ್ಲ. ಅವಳ ಜೊತೆ ಸೇರಿದ ಹುಡುಗನಿಗೆ ಅದೇ ದಾರಿಗೆ ತಿಂಗಳ ಪಾಸು ಬೇಕು.

ಕಾಗದ ಪತ್ರ

ಆಧಾರ್, ಮಾರ್ಕ್ಸ್ ಕಾರ್ಡ್, ಐಟಿಐ ಸರ್ಟಿಫಿಕೇಟ್, ಪಾಸ್‌ಬುಕ್. ಸುಲಭ ಅಲ್ವಾ? ನಮಗೆ ಇಲ್ಲೇ ಹತ್ತು ದಿನ ಹೋಯಿತು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಮುಂದೆ. ಎರಡರಲ್ಲೂ ಒಂದೇ ಥರ ಇರಲಿ. ಬೇರೆ ಇದ್ದರೆ ಬೆಂಗಳೂರು ಒನ್‌ಗೆ ಹೋಗಿ ಮೊದಲು ಆಧಾರ್ ತಿದ್ದಿಸಿ. ಇನ್ನೊಂದು, ಸರ್ಕಾರದ ಪಾಲು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಸ್ಕಾಲರ್‌ಶಿಪ್‌ಗೆಂದು ಯಾವತ್ತೋ ತೆರೆದ ಖಾತೆ ಮರೆತಿದ್ದರೆ ದುಡ್ಡು ಅಲ್ಲಿ ಕೂತಿರುತ್ತದೆ.

ಆಮೇಲೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಣಿ. ಫೀಸು ಇಲ್ಲ. "ನೋಂದಣಿ ಕೋಡ್ ಹಾಕಿಸಿಕೊಡ್ತೀನಿ, ಎರಡು ಸಾವಿರ ಕೊಡಿ" ಅಂದವರೂ ನಮಗೆ ಸಿಕ್ಕರು, ಸೈಬರ್ ಸೆಂಟರ್ ಬಾಗಿಲಲ್ಲೇ. ಕೊಡಬೇಡಿ. ಡಿಪ್ಲೊಮಾ, ಡಿಗ್ರಿ ಆದವರಿಗೆ ನ್ಯಾಟ್ಸ್ ಅಂತ ಬೇರೆ ಪೋರ್ಟಲ್ ಇದೆ.

ಎಲ್ಲಿ ಹುಡುಕುವುದು

ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ ಇಂಥವು ಪ್ರಕಟಣೆ ಹೊರಡಿಸಿ ತೆಗೆದುಕೊಳ್ಳುತ್ತವೆ. ಪೇಪರ್ ಮತ್ತು ಅವರವರ ವೆಬ್‌ಸೈಟ್ ನೋಡುತ್ತಿರಿ. ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಸೀಟು ಮೀಸಲಿದೆ, ಜಾತಿ ಪ್ರಮಾಣಪತ್ರ ಸಿದ್ಧ ಇರಲಿ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1, ಅಂದರೆ ಮೊದಲ ಹಂತದ ಹುದ್ದೆಗಳ ನೇಮಕಾತಿಯಲ್ಲಿ ಶೇ 20 ಹುದ್ದೆ ಮೀಸಲು. ಹಾಗಾಗಿ ಅಲ್ಲಿ ಪೈಪೋಟಿ ಜಾಸ್ತಿ.

ಐಟಿಐ ಇನ್ನೂ ಆಗಿಲ್ಲ ಅನ್ನುವವರು ಹೊಸೂರು ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಇರುವ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಬಹುದು. ಡೈರಿ ಸರ್ಕಲ್ ಹತ್ತಿರದ ಕೌಶಲ್ಯ ಭವನದಲ್ಲೂ ಮಾಹಿತಿ ಕೇಳಬಹುದು.

ದೊಡ್ಡ ಕಂಪನಿಗಳನ್ನೇ ಕಾಯುತ್ತ ವರ್ಷ ಕಳೆಯಬೇಡಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಸಣ್ಣ ಷೆಡ್ಡುಗಳಲ್ಲಿ ಕೆಲಸ ಬೇಗ ಕೈಗೆ ಹತ್ತುತ್ತದೆ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಕಡೆ ಒಂದೇ ಮೆಷಿನ್ ಮುಂದೆ ನಿಲ್ಲಿಸಿಬಿಡುವುದೂ ಉಂಟು. ಸಣ್ಣ ಕಡೆ ಬೆಳಿಗ್ಗೆ ಡ್ರಿಲ್ಲಿಂಗ್, ಮಧ್ಯಾಹ್ನ ಅಸೆಂಬ್ಲಿ, ಸಂಜೆ ಕಸ ಗುಡಿಸುವುದು, ಎಲ್ಲ ಇರುತ್ತದೆ.

ಸಹಿಗೆ ಮೊದಲು ಒಳಗೆ ಹೋಗಿ ನೋಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾವು ಮೊದಲು ಒಪ್ಪಿಕೊಂಡ ಷೆಡ್ಡಿನಲ್ಲಿ ಮಾತೆಲ್ಲ ಚೆನ್ನಾಗಿಯೇ ಇತ್ತು. "ನಮಗೆ ಹುಡುಗೀರೇ ಬೇಕು ಸರ್, ನೀಟಾಗಿ ಕೆಲಸ ಮಾಡ್ತಾರೆ" ಅಂದರು ಮ್ಯಾನೇಜರ್. ಮೂರನೇ ದಿನ ಗೊತ್ತಾಯಿತು, ಹೆಂಗಸರ ಟಾಯ್ಲೆಟ್‌ನಲ್ಲಿ ಖಾಲಿ ರಟ್ಟಿನ ಡಬ್ಬಗಳನ್ನು ಪೇರಿಸಿಟ್ಟಿದ್ದಾರೆ. ಬೀಗದ ಕೈ ಸ್ಟೋರ್ಸ್‌ನವನ ಹತ್ತಿರ. ಅವನು ಊಟಕ್ಕೆ ಹೋದರೆ ಇವಳು ಕಾಯಬೇಕು. ನೀರು ಕುಡಿಯುವುದನ್ನೇ ಬಿಟ್ಟಿದ್ದಳು ಹುಡುಗಿ. ಸೇಫ್ಟಿ ಷೂ ಏಳನೇ ನಂಬರಿಗಿಂತ ಕೆಳಗೆ ಇರಲಿಲ್ಲ, ಇವಳದು ನಾಲ್ಕು. ಎರಡು ಜೊತೆ ಸಾಕ್ಸ್ ಹಾಕಿ ನಡೆದರೂ ಹಿಮ್ಮಡಿ ಕಳಚುತ್ತಿತ್ತು. ಎಣ್ಣೆ ಚೆಲ್ಲಿದ ನೆಲದ ಮೇಲೆ ಅಂಥ ಷೂ ಹಾಕಿಕೊಂಡು ಓಡಾಡುವುದು ತಮಾಷೆಯಲ್ಲ. ಎರಡನೇ ವಾರ ಬಿಡಿಸಿ ಬೇರೆ ಕಡೆ ಸೇರಿಸಿದೆವು.

ಅದಕ್ಕೇ ಹೇಳುವುದು, ಷಾಪ್ ಫ್ಲೋರಿಗೆ ಹೋಗಿ ನಿಮ್ಮ ಕಣ್ಣಿಂದ ನೋಡಿ. ಟಾಯ್ಲೆಟ್ ಬಾಗಿಲು ತೆಗೆಸಿ. ಸಂಕೋಚ ಬೇಡ. ಷೂ, ಗ್ಲೌಸ್ ಯಾವ ಅಳತೆಯಲ್ಲಿ ಇದೆ ಕೇಳಿ. ಕಲಿಸುವವರು ಯಾರು, ಅವರ ಹೆಸರು ಕೇಳಿ. ಒಳಗೆ ಇನ್ನೊಬ್ಬ ಹೆಣ್ಣುಮಗಳು ಇದ್ದರೆ ಐದು ನಿಮಿಷ ಮಾತಾಡಿಸಿ, ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. 2013ರ ಆ ಕಾಯ್ದೆಯಲ್ಲಿ 'ಉದ್ಯೋಗಿ' ಅಂದರೆ ಅಪ್ರೆಂಟಿಸ್ ಕೂಡ ಸೇರುತ್ತಾರೆ. "ನೀನು ಟ್ರೈನಿ, ನಿಂಗೆ ಅನ್ವಯಿಸಲ್ಲ" ಅಂದರೆ ಸುಳ್ಳು.

ಒಪ್ಪಂದದಲ್ಲಿ ಏನಿರಬೇಕು

ಟ್ರೇಡ್ ಯಾವುದು, ಎಷ್ಟು ತಿಂಗಳು, ಸ್ಟೈಪೆಂಡ್ ಎಷ್ಟು. ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಬರೀ ಬಾಯಿಮಾತಿನಲ್ಲಿ 'ಅಪ್ರೆಂಟಿಸ್' ಅಂತ ಇಟ್ಟುಕೊಂಡರೆ ಸರ್ಕಾರದ ಪಾಲೂ ಇಲ್ಲ, ಕೊನೆಗೆ ಸರ್ಟಿಫಿಕೇಟೂ ಇಲ್ಲ.

ಪೀಸಿಗೆ ಇಷ್ಟು ಅಂತ ಲೆಕ್ಕ ಹಾಕಿ ಅಪ್ರೆಂಟಿಸ್‌ಗೆ ದುಡ್ಡು ಕೊಡುವಂತಿಲ್ಲ, ಇದು ಕಾಯ್ದೆಯಲ್ಲೇ ಇದೆ. ಸರ್ಕಾರ ನೇಮಿಸಿದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓಟಿ (ಓವರ್‌ಟೈಮ್) ಮಾಡಿಸುವಂತಿಲ್ಲ. ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ಆದರೆ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ. "ಪರ್ಮನೆಂಟ್ ಗ್ಯಾರಂಟಿ" ಅಂದವರ ಹತ್ತಿರ ಅದನ್ನೇ ಬರೆದು ಕೊಡಿ ಅನ್ನಿ.

ನೀವೇ ಮಾಲೀಕರಾಗಿದ್ದರೆ

30 ಅಥವಾ ಹೆಚ್ಚು ಜನ ಇದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಇದ್ದರೆ ನಿಮ್ಮಿಷ್ಟ. ಕಾಂಟ್ರಾಕ್ಟ್‌ನವರನ್ನೂ ಸೇರಿಸಿ ಒಟ್ಟು ಜನರ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತಗೊಳ್ಳಬೇಕು. ಅಂದರೆ 40 ಜನರ ಷೆಡ್ಡಿಗೆ ಒಬ್ಬರಿಂದ ಆರು. ಆ ಆರರಲ್ಲಿ ಒಬ್ಬಳೇ ಹುಡುಗಿಯನ್ನು ತಗೊಂಡು ಫೋಟೋ ತೆಗೆಸಬೇಡಿ, ಇಬ್ಬರನ್ನು ತಗೊಳ್ಳಿ. ಊಟದ ಹೊತ್ತಿಗೆ ಜೊತೆಗೊಬ್ಬರು ಬೇಕಾಗುತ್ತೆ.

ಕೊನೆಯ ಹೆಜ್ಜೆ ಪರೀಕ್ಷೆ

ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡ್‌ಗಳಿಗೆ ಅವಧಿಯ ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ. ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಪರೀಕ್ಷೆಗೆ ಹೆಸರು ಹೋಗಿದೆಯಾ ಅಂತ ಕಂಪನಿಯನ್ನು ಎರಡು ತಿಂಗಳು ಮುಂಚೆಯೇ ಕೇಳಿ. ಪ್ರತಿದಿನ ಏನು ಮಾಡಿದೆ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹುಡುಗಿಗೆ ಹೇಳಿ. ನಮ್ಮವಳದು ಈಗ ಎರಡನೇ ಪುಸ್ತಕ. ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: "ಷೂ ನಂಬರ್ 4 ಬಂತು."