ತೋಳ ಕಚ್ಚಿದ ಕುರಿಯ ಜಾಡು ಹಿಡಿದ ಬಗೆ: ನನ್ನ ಅನುಭವ

ತೋಳನ ಬಾಯಿಂದ ಬಿಡಿಸಿಕೊಂಡು ಹಿಂಡು ಬಿಟ್ಟು ಓಡಿದ ಕುರಿ ಮತ್ತೆ ಸಿಗುವುದಿಲ್ಲವೆಂದು ನಮ್ಮ ಹಟ್ಟಿಯ ಹಿರಿಯರು ಹೇಳುತ್ತಿದ್ದರು. ಕಳೆದ ಎರಡು ವರ್ಷಗಳಲ್ಲಿ ಹಾಗೆ ಓಡಿದ ಐದರಲ್ಲಿ ನಾಲ್ಕನ್ನು ನಾನು ಜೀವಂತವಾಗಿ ರೊಪ್ಪಕ್ಕೆ ತಂದಿದ್ದೇನೆ. ಸುತ್ತಲಿನ ಹಟ್ಟಿಗಳಲ್ಲಿ ಇಷ್ಟನ್ನು ತಂದವರು ಬೇರೆ ಯಾರೂ ಇಲ್ಲ.

ನಮ್ಮ 140 ತಲೆಯ ಹಿಂಡು ಗಂಗಾವತಿ, ಕನಕಗಿರಿ ನಡುವಿನ ಕುರುಚಲು ಗುಡ್ಡಗಳಲ್ಲಿ ಮೇಯುತ್ತದೆ. ಅದಕ್ಕೂ ಹಿಂದೆ ಮೂರು ಸಲ ನಾನೂ ಎಲ್ಲರಂತೆ ಕೂಗುತ್ತಾ, ಬ್ಯಾಟರಿ ಬೀಸುತ್ತಾ ಬೆನ್ನಟ್ಟಿದೆ. ನಾವು ಓಡಿದಷ್ಟೂ ಕುರಿ ಬಳ್ಳಾರಿ ಜಾಲಿಯೊಳಗೆ ನುಗ್ಗಿತು. ಒಂದರ ಎಲುಬು ಮೂರನೆಯ ದಿನ ಸಿಕ್ಕಿತು, ಉಳಿದೆರಡರ ಗುರುತೂ ಇಲ್ಲ. ಕಳೇಬರ ತೋರಿಸದೆ ಸರ್ಕಾರದ ಪರಿಹಾರ ಸಿಗಲಾರದಾದ್ದರಿಂದ ಸುಮಾರು 35,000 ರೂಪಾಯಿ ಹೋಯಿತು. ಆಮೇಲೆ 12,000 ಕೊಟ್ಟು ಮುಧೋಳ ನಾಯಿ ತಂದೆ. ಅದು ಕಣ್ಣಿಗೆ ಕಂಡದ್ದನ್ನು ಅಟ್ಟುವ ತಳಿ; ನೆಲಕ್ಕೆ ಮೂಗು ಹಚ್ಚಿ ನಡೆಯುವ ಕೆಲಸ ಅದರದಲ್ಲ ಎಂಬುದನ್ನು ತಂದ ಮೇಲೆ ಅರಿತೆ.

ಈಗ ತೋಳನನ್ನು ಓಡಿಸಿದ ಕೂಡಲೇ ಹಿಂಡನ್ನು ಅಲ್ಲೇ ನಿಲ್ಲಿಸಿ, ಕುರಿ ಕೊನೆಗೆ ಕಂಡ ಜಾಗದಲ್ಲಿ ಕೋಲು ನೆಟ್ಟು, ಅರ್ಧ ಗಂಟೆ ಅಲುಗಾಡದೆ ಕೂರುತ್ತೇನೆ. ರಕ್ತ ಸುರಿಯುವಾಗ ಕೂರುವುದೇ ಎಂದು ನನ್ನ ಅಣ್ಣನೇ ಬೈದಿದ್ದನು. ಆದರೆ ಹಿಂದೆ ಸದ್ದು ಇಲ್ಲದಿದ್ದರೆ ಗಾಯದ ಕುರಿ ಮುನ್ನೂರು ಹೆಜ್ಜೆಯೊಳಗೆ ಯಾವುದೋ ಪೊದೆಯ ನೆರಳಲ್ಲಿ ಮಲಗುವುದನ್ನು ನಾನು ನಾಲ್ಕು ಸಲವೂ ಕಂಡಿದ್ದೇನೆ. ಅನಂತರ ಪ್ರತಿ ರಕ್ತದ ಹನಿಯ ಬಳಿ ಚಿಟಿಕೆ ಸುಣ್ಣ ಹಾಕುತ್ತಾ ಜಾಡಿನ ಪಕ್ಕದಲ್ಲಿ ನಡೆಯುತ್ತೇನೆ, ಜಾಡನ್ನು ತುಳಿಯುವುದಿಲ್ಲ. ಹನಿ ತಪ್ಪಿದರೆ ಹಿಂದೆ ತಿರುಗಿ ನೋಡಿದಾಗ ಸುಣ್ಣದ ಸಾಲು ಕುರಿ ಹಿಡಿದ ದಿಕ್ಕನ್ನು ತೋರಿಸುತ್ತದೆ.

ಕೆಂಪು ಮಸಾರಿ ನೆಲದಲ್ಲಿ ಒಣಗಿದ ರಕ್ತ ಕಾಣುವುದು ಕಷ್ಟ. ಇದಕ್ಕಾಗಿ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಸಿಂಪಡಿಸಿ ನೋಡಿದೆ. ರಕ್ತದ ಮೇಲೆ ಬಿಳಿ ನೊರೆ ಏಳುತ್ತದೆ, ಆದರೆ ಬರಿಯ ಮಣ್ಣಿನ ಮೇಲೂ ಅಲ್ಲಲ್ಲಿ ತುಸು ನೊರೆ ಬರುವುದರಿಂದ ಕಲ್ಲು ಮತ್ತು ಎಲೆಯ ಮೇಲಿನದನ್ನಷ್ಟೇ ನಂಬುತ್ತೇನೆ. ಹಗಲಿನಲ್ಲಿ ರಕ್ತಕ್ಕೆ ಮುತ್ತುವ ಇರುವೆಗಳ ಗುಂಪೇ ಅದಕ್ಕಿಂತ ವಾಸಿ.

ಕೊನೆಯ ಐವತ್ತು ಹೆಜ್ಜೆಗೆ ಆ ಕುರಿಯದೇ ಮರಿಯನ್ನು ಕಂಬಳಿಯಲ್ಲಿ ಹೊತ್ತೊಯ್ಯುತ್ತೇನೆ. ಮರಿ ಅರಚಿದರೆ ತಾಯಿ ಪೊದೆಯೊಳಗಿಂದ ಓಗೊಡುತ್ತದೆ. ಮರಿಯಿಲ್ಲದ ಕುರಿಗೆ ಏನು ಮಾಡುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಿಕ್ಕ ಕುರಿಯ ಗಾಯವನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಅದೇ ದಿನ ಪಶುವೈದ್ಯರಿಗೆ ತೋರಿಸಿ ಹೊಲಿಗೆಯೊಂದಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸುತ್ತೇನೆ. ಗಾಡಿ ಬಾಡಿಗೆ ಸೇರಿ ಒಂದಕ್ಕೆ 1,500ರಿಂದ 2,000 ರೂಪಾಯಿ ಆಗುತ್ತದೆ. ಕುರಿಯ ಬೆಲೆ 12,000 ಇರುವಾಗ ಅದು ಹೆಚ್ಚಲ್ಲ.

ಐದನೆಯದು ಎರಡು ಹಲ್ಲಿನ, ಅಂದರೆ ಎಳೆ ಪ್ರಾಯದ, ಕಪ್ಪು ಕುರಿ. ಅರ್ಧ ಗಂಟೆ ಮುಗಿಯುವ ಮೊದಲೇ ಮಳೆ ಸುರಿದು ಹನಿಗಳೆಲ್ಲ ತೊಳೆದುಹೋದವು. ಅದರ ಮರಿಯನ್ನು ಹೊತ್ತು ಕತ್ತಲಾಗುವವರೆಗೂ ಹಳ್ಳದ ಎರಡು ದಂಡೆಗಳಲ್ಲಿ ತಿರುಗಿದೆ. ಮರಿ ಅರಚುತ್ತಲೇ ಇತ್ತು, ತಾಯಿ ಎಲ್ಲಿಂದಲೂ ಓಗೊಡಲಿಲ್ಲ. ಈಗ ಮೋಡವಿದ್ದ ದಿನ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ.