ತೋಟದ ಹಳೇ ದೊರೆ ಯಾರು? ಮಲೆನಾಡಿನ ವಲಸೆ ಬೆಳೆಗಾರರ ವಂಶಚರಿತ್ರೆ ಹುಡುಕುವ ಬಗೆ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಹಳೇ ಎಸ್ಟೇಟು ಕೊಂಡವರಿಗೆ ಬಂಗ್ಲೆಯ ಜೊತೆ ಒಂದು ಹೆಸರೂ ಬರುತ್ತದೆ: ಇಂಥ ದೊರೆಯ, ಅಂದರೆ ಹೊರದೇಶದಿಂದ ಬಂದ ಪ್ಲಾಂಟರನ ತೋಟ. ಆ ದೊರೆ ಎಲ್ಲಿಂದ ಬಂದ, ಹೆಂಡತಿ ಮಕ್ಕಳು ಏನಾದರು ಎಂದು ಹುಡುಕ ಹೊರಟವರು ಮೊದಲು ಹೆಸರನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಅದೇ ಹೆಸರಿನ ಹತ್ತಾರು ಮಂದಿ ಸಿಕ್ಕಿ, ಯಾರು ಯಾರೆಂದು ತಿಳಿಯದೆ ಕೈಬಿಡುತ್ತಾರೆ. ಹೆಸರು ಕೊನೆಗಿರಲಿ, ಸರ್ವೆ ನಂಬರಿನಿಂದ ಶುರುಮಾಡಿ. ದೊರೆಗಳು ಬಂದರು, ಮಾರಿದರು, ಸತ್ತರು, ಊರಿಗೆ ಹೋದರು. ಭೂಮಿಗೆ ಕಂದಾಯ ಕಟ್ಟುವುದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಮನುಷ್ಯರ ಕಾಗದ ತುಂಡಾದ ಕಡೆಯೂ ಭೂಮಿಯ ಕಾಗದ ಮುಂದುವರಿದಿರುತ್ತದೆ.

ಕಚೇರಿಗೆ ಹೋಗುವ ಮುಂಚೆ ಕಾಲದ ಲೆಕ್ಕ ತಲೆಯಲ್ಲಿರಬೇಕು. ಬಾಬಾ ಬುಡನ್‌ಗಿರಿಯ ದಕ್ಷಿಣಕ್ಕೆ ಕ್ಯಾನನ್ ಎಂಬಾತ ಕಾಫಿ ಎಸ್ಟೇಟು ಮಾಡಿದ್ದು 1840ರ ಸುಮಾರಿಗೆ, ಮಂಜರಾಬಾದಿನ ದಕ್ಷಿಣ ಭಾಗದಲ್ಲಿ ಗ್ರೀನ್ ಶುರುಮಾಡಿದ್ದು 1843ರಲ್ಲಿ. ನಿಮ್ಮ ತೋಟದ ದೊರೆ ಅದಕ್ಕೂ ಹಿಂದಿನವನೆಂದು ಯಾರಾದರೂ ಹೇಳಿದರೆ ಅನುಮಾನದಿಂದಲೇ ಕೇಳಿ. 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಆಮೇಲೆ ಒಡೆಯರಿಗೆ ಮರಳಿತು. ಕಮಿಷನ್ ಕಾಲದ ವಿಂಗಡಣೆಯಲ್ಲಿ ಕಡೂರು ಜಿಲ್ಲೆ ನಗರ ವಿಭಾಗಕ್ಕೂ ಹಾಸನ ಅಷ್ಟಗ್ರಾಮ ವಿಭಾಗಕ್ಕೂ ಸೇರಿದ್ದವು. ಈಗಿನ ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆಯೇ. ಹಾಸನ 1882ರಿಂದ 1886ರವರೆಗೆ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಆ ನಾಲ್ಕು ವರ್ಷದ ಕಡತ ಹಾಸನದ ಹೆಸರಿನಲ್ಲಿ ಸಿಗದಿದ್ದರೆ ಕಳೆದುಹೋಯಿತು ಅಂದುಕೊಳ್ಳದೆ ಕಡೂರಿನ ಪಟ್ಟಿಯನ್ನೂ ನೋಡಿ. ಸಕಲೇಶಪುರ ತಾಲ್ಲೂಕಿನ ಹಳೇ ಹೆಸರು ಮಂಜರಾಬಾದ್.

ಭೂಮಿಯ ಕಾಗದ

ಈಗಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಪಹಣಿಯಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಶನ್ ರಿಜಿಸ್ಟರ್ ತೆಗೆಸಿ. ಅದರಲ್ಲಿ ಭೂಮಿ ಕ್ರಯವಾಗಿ ಬಂತೋ, ವಿಭಾಗವೋ, ಪೌತಿ ಖಾತೆಯೋ ಎಂಬುದು ಇರುತ್ತದೆ. ಪೌತಿ ಖಾತೆ ಸಿಕ್ಕರೆ ಅದೃಷ್ಟ: ಯಾರು ತೀರಿಕೊಂಡರು, ವಾರಸುದಾರರು ಯಾರು ಎಂಬುದು ಒಂದೇ ಸಾಲಿನಲ್ಲಿ ಬಂದುಬಿಡುತ್ತದೆ. ನಂತರ ಭೂದಾಖಲೆಗಳ ಕಚೇರಿಯಲ್ಲಿ ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ), ಮೂಲ ಟಿಪ್ಪಣಿ (ಮೊದಲ ಅಳತೆಯ ನಕ್ಷೆ), ಗ್ರಾಮ ನಕಾಶೆಯ ನಕಲಿಗೆ ಅರ್ಜಿ ಹಾಕಿ. ಹಿಸ್ಸಾ ಆಗಿದ್ದರೆ, ಅಂದರೆ ಸರ್ವೆ ನಂಬರ್ ಒಡೆದು ಪಾಲಾಗಿದ್ದರೆ, ಈಗಿನ ನಂಬರ್ ಬೇರೆ, ಮೂಲ ನಂಬರ್ ಬೇರೆ. ಅರ್ಜಿಯಲ್ಲಿ ಎರಡನ್ನೂ ಬರೆಯದಿದ್ದರೆ "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ಬರುವುದು ಬಹುಮಟ್ಟಿಗೆ ಖಚಿತ.

ವಿಸ್ತೀರ್ಣ ಓದುವಾಗ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇಲ್ಲಿಯ ಆಣೆ ದುಡ್ಡಲ್ಲ, ಗುಂಟೆಯ ಹದಿನಾರನೇ ಒಂದು ಪಾಲು. ಅದೇ ಪುಟದಲ್ಲಿ ಕಂದಾಯದ ಆಣೆಯೂ ಇರುವುದರಿಂದ ಯಾವ ಕಾಲಮ್ಮಿನ ಅಂಕಿ ಎಂದು ನೋಡಿಕೊಂಡೇ ಬರೆದುಕೊಳ್ಳಿ. ಹಳೇ ಕಾಫಿ ಕಡತಗಳಲ್ಲಿ ಹಾಲತ್ ಎಂಬ ಸುಂಕ ಕಾಣುತ್ತದೆ. ಅದು ನೆಲದ ಮೇಲಲ್ಲ, ಬೆಳೆದ ಕಾಫಿಯ ತೂಕದ ಮೇಲೆ ಹಾಕುತ್ತಿದ್ದದ್ದು, ಹಾಗಾಗಿ ಹಾಲತ್ ಲೆಕ್ಕದಿಂದ ತೋಟದ ವಿಸ್ತೀರ್ಣ ಊಹಿಸಲು ಹೋಗಬೇಡಿ. ಇಳುವರಿ ಹಂಡ್ರೆಡ್‌ವೇಟಿನಲ್ಲಿದ್ದರೆ ಒಂದಕ್ಕೆ 112 ಪೌಂಡು, ಅಂದರೆ 50.8 ಕೆಜಿ. ಈಗಿನ 50 ಕೆಜಿ ಚೀಲಕ್ಕೆ ಹತ್ತಿರವೇ, ಹಾಗಾಗಿ ಹೋಲಿಕೆ ಸುಲಭ.

ಮುಂದಿನ ನಿಲ್ದಾಣ ಸಬ್‌ರಿಜಿಸ್ಟ್ರಾರ್ ಕಚೇರಿ. ಆನ್‌ಲೈನ್ ಇಸಿ (ಋಣಭಾರ ಪತ್ರ) ಈಚಿನ ವರ್ಷಗಳದ್ದು ಮಾತ್ರ, ಅದಕ್ಕೆ ಹಿಂದಿನದು ಕೈಬರಹದ ಸಂಪುಟಗಳಲ್ಲಿರುತ್ತದೆ. ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕದಲ್ಲಿವೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಆ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಮಾಲೀಕನೇ ಆಗಿರಬೇಕೆಂದಿಲ್ಲ. ಮೂರನೇ ಪುಸ್ತಕ ವಿಲ್ಲುಗಳದ್ದು. ಬರೆದವನು ತೀರಿಕೊಂಡಿದ್ದರೆ ಅದರ ನಕಲನ್ನೂ ಯಾರಾದರೂ ಕೇಳಬಹುದು. ಸೂಚಿಗಳಲ್ಲಿ ಒಂದನೆಯದು ಹೆಸರಿನ ಪ್ರಕಾರ, ಎರಡನೆಯದು ಆಸ್ತಿಯ ಪ್ರಕಾರ. ಎರಡನೆಯದರಿಂದಲೇ ಶುರುಮಾಡಿ, ಯಾಕೆಂದರೆ ಗುಮಾಸ್ತರು ಇಂಗ್ಲಿಷ್ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಿರುತ್ತಾರೆ, ಊರಿನ ಹೆಸರನ್ನು ಮಾತ್ರ ತಪ್ಪಿಸಿರುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಊರಿಗೆ ಹೋಗಿದ್ದ ದೊರೆಯ ಪರವಾಗಿ ಮುಕ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಹಿಡಿದವನು ಕ್ರಯಪತ್ರಕ್ಕೆ ಸಹಿ ಹಾಕಿರುತ್ತಾನೆ. ಪತ್ರವನ್ನು ಪೂರ್ತಿ ಓದದವರು ಅವನನ್ನೇ ಮಾಲೀಕನನ್ನಾಗಿ ಮಾಡಿ ಒಂದು ತಲೆಮಾರನ್ನೇ ಹುಟ್ಟಿಸಿಬಿಡುತ್ತಾರೆ. ಆಳುಗಳ ಬಾಯಲ್ಲಿ ಮ್ಯಾನೇಜರನೂ ದೊರೆಯೇ ಆಗಿದ್ದದ್ದು ಇದಕ್ಕೆ ಇನ್ನೊಂದು ಕಾರಣ. ಕಂದಾಯ ಯಾರ ಹೆಸರಿನಲ್ಲಿತ್ತು ಎಂಬುದೇ ಇಲ್ಲಿ ತೀರ್ಮಾನ.

ತೋಟ ಕೈಬದಲಾದ ಕಾಲಗಳೂ ಗುಂಪಾಗಿ ಬರುತ್ತವೆ. 1860ರ ದಶಕದ ಕಾಂಡಕೊರಕ ಹುಳು, 1869ರಲ್ಲಿ ಸಿಲೋನಿನಲ್ಲಿ ಕಂಡು ಆಮೇಲೆ ಇಲ್ಲಿಗೂ ಬಂದ ಎಲೆತುಕ್ಕು ರೋಗ, 1890ರ ದಶಕದ ಕೊನೆಗೆ ಬ್ರೆಜಿಲಿನ ಅತಿ ಬೆಳೆಯಿಂದ ಬಿದ್ದ ಬೆಲೆ, 1947ರ ನಂತರದ ಮಾರಾಟ. ಸರಪಳಿಯಲ್ಲಿ ಕೊಂಡಿ ತಪ್ಪಿದ್ದರೆ ಮೊದಲು ಈ ವರ್ಷಗಳ ಆಸುಪಾಸಿನ ಸಂಪುಟ ತೆಗೆಸಿ. ಕಮಿಷನ್ ಕಾಲದ ಪತ್ರವ್ಯವಹಾರಕ್ಕೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವೇ ಗತಿ. ಕಾಫಿ, ಕಂದಾಯ, ಕಾಡುಜಮೀನು ಮೂರೂ ಶೀರ್ಷಿಕೆ ಕೇಳಬೇಕು.

ಸಮಾಧಿ ಕಲ್ಲು

ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಹೋಗಿ. ಮಳೆಗಾಲದಲ್ಲಿ ಕಲ್ಲು ಹಾವಸೆ ಕಟ್ಟಿರುತ್ತದೆ, ಜಿಗಣೆ ಬೇರೆ. ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್ಷು ಸಾಕು. ತಂತಿ ಬ್ರಷ್ಷು, ಬ್ಲೀಚಿಂಗ್ ಪುಡಿ, ಆಸಿಡ್ ಮುಟ್ಟಿಸಬೇಡಿ. ಅಮೃತಶಿಲೆಯ ಮೇಲ್ಮೈ ಒಮ್ಮೆ ಸಕ್ಕರೆಯಂತೆ ಉದುರಲು ಶುರುವಾದರೆ ಅಕ್ಷರ ಮತ್ತೆ ಬರುವುದಿಲ್ಲ. ಸೀಮೆಸುಣ್ಣ ತಿಕ್ಕಿ ಓದುವ ಅಭ್ಯಾಸವೂ ಬೇಡ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ನೆರಳಿನ ಮರವಿದ್ದರೆ ಟಾರ್ಚನ್ನು ಕಲ್ಲಿಗೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟು, ಎಡ, ಬಲ, ಮೇಲೆ ಮೂರೂ ಕಡೆಯಿಂದ ಫೋಟೊ ತೆಗೆಯಿರಿ. ಸೀಸದ ಅಕ್ಷರ ಉದುರಿಹೋಗಿದ್ದರೆ ಅದನ್ನು ಹಿಡಿದಿದ್ದ ಸಣ್ಣ ರಂಧ್ರಗಳ ಸಾಲು ಉಳಿದಿರುತ್ತದೆ. ಉಳಿದಿರುವ ಅಕ್ಷರಗಳ ರಂಧ್ರ ಹೇಗಿವೆ ಎಂದು ಮೊದಲು ನೋಡಿ, ಅದಕ್ಕೆ ಹೋಲಿಸಿ ಓದಿ.

ಕಲ್ಲನ್ನು ಪೂರ್ತಿ ನಂಬಬೇಡಿ. ವರ್ಷಗಳಾದ ಮೇಲೆ ನಿಲ್ಲಿಸಿದ ಕಲ್ಲಿನಲ್ಲಿ ವಯಸ್ಸು ತಪ್ಪುವುದು ಮಾಮೂಲು. ಕಲ್ಲಿನ ತಳದಲ್ಲಿ ಶಿಲ್ಪಿಯ ಹೆಸರು, ಊರು ಕೆತ್ತಿದ್ದರೆ ಅದನ್ನೂ ಬರೆದುಕೊಳ್ಳಿ.

ಚರ್ಚು, ಲಂಡನ್

ಎಸ್ಟೇಟಿನಲ್ಲಿ ಪಾದ್ರಿ ಇರುತ್ತಿರಲಿಲ್ಲ. ಪಾದ್ರಿ ಸುತ್ತಾಟಕ್ಕೆ ಬಂದಾಗ ಮಕ್ಕಳಿಗೆ ದೀಕ್ಷಾಸ್ನಾನ. ಆದ್ದರಿಂದ ಆ ತಾರೀಕು ಹುಟ್ಟಿದ ತಾರೀಕಲ್ಲ, ಹಲವು ತಿಂಗಳ ಅಂತರವಿರಬಹುದು. ಪಕ್ಕದ ತೋಟದವರೇ ಪ್ರಾರ್ಥನೆ ಓದಿ ಮಣ್ಣು ಮಾಡಿದ್ದರೆ ಕಲ್ಲಿದ್ದೂ ರಿಜಿಸ್ಟರಿನಲ್ಲಿ ಹೆಸರಿಲ್ಲದಿರಬಹುದು. ಮದುವೆಗಳನ್ನು ಬೆಂಗಳೂರಿನ ಚರ್ಚುಗಳಲ್ಲೂ ಹುಡುಕಬೇಕು. ಆಂಗ್ಲಿಕನ್ ದಾಖಲೆಗಳ ಪ್ರತಿ ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿನ ಸಾಲು ಎನ್/2. ಅದು ನಕಲಿನ ನಕಲು, ಹೆಸರಿನ ತಪ್ಪು ಸಹಜ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸೂಚಿಯಲ್ಲಿ ಉಚಿತವಾಗಿ ಹುಡುಕಬಹುದು. ಇಂಗ್ಲೆಂಡಿನ ವಿಲ್ಲುಗಳ ಸೂಚಿ 1858ರಿಂದ ಒಂದೇ ಕಡೆ ಇದೆ, ಸ್ಕಾಟ್ಲೆಂಡಿನದು ಬೇರೆ. ಪ್ಲಾಂಟರುಗಳಲ್ಲಿ ಸ್ಕಾಟರು ಕಡಿಮೆಯಿರಲಿಲ್ಲ, ಆದ್ದರಿಂದ ಎರಡನ್ನೂ ನೋಡದೆ ವಿಲ್ಲು ಇಲ್ಲವೆನ್ನಬೇಡಿ. ತೋಟ ಲಂಡನ್ ಕಂಪನಿಯದಾಗಿದ್ದರೆ ಕ್ಯೂ ಎಂಬಲ್ಲಿಯ ನ್ಯಾಷನಲ್ ಆರ್ಕೈವ್ಸ್‌ನ ಬಿಟಿ 31 ಎಂಬ ದಾಖಲೆ ಸಾಲಿನಲ್ಲಿ ಮುಚ್ಚಿಹೋದ ಕಂಪನಿಗಳ ಷೇರುದಾರರ ಪಟ್ಟಿ ಸಿಗುವ ಸಾಧ್ಯತೆಯಿದೆ.

ದೊರೆ ಇಂಗ್ಲಿಷಿನವನಲ್ಲದಿದ್ದರೆ ದಾರಿ ಬೇರೆ. ಕ್ಯಾಥೊಲಿಕನಾಗಿದ್ದರೆ ರಿಜಿಸ್ಟರ್ ಲ್ಯಾಟಿನ್‌ನಲ್ಲಿರಬಹುದು, ಜಾನ್ ಅಲ್ಲಿ ಯೊವಾನ್ನೆಸ್. ಚಿಕ್ಕಮಗಳೂರು ಧರ್ಮಪ್ರಾಂತ ಆದದ್ದು 1963ರಲ್ಲಿ, ಅದಕ್ಕೆ ಹಿಂದಿನದಕ್ಕೆ ಮೈಸೂರನ್ನು ಕೇಳಬೇಕು. ಸ್ವಿಸ್ ಮನೆತನವಾಗಿದ್ದರೆ ಹುಟ್ಟಿದ ಊರಿಗಿಂತ ಮೂಲ ಊರು ಮುಖ್ಯ. ಸ್ವಿಸ್ ಪೌರತ್ವ ಮನೆತನದ ಮೂಲ ಗ್ರಾಮಕ್ಕೆ ಅಂಟಿಕೊಂಡಿರುತ್ತದೆ, ಮಕ್ಕಳು ಯಾವ ಖಂಡದಲ್ಲಿ ಹುಟ್ಟಿದರೂ ಆ ಗ್ರಾಮದ ಕುಟುಂಬ ವಹಿಯಲ್ಲಿ ದಾಖಲಾಗಬಹುದು. ಯಾವ ಮನೆತನ ಯಾವ ಗ್ರಾಮದ್ದು ಎಂಬ ಪಟ್ಟಿ ಸ್ವಿಟ್ಜರ್ಲೆಂಡಿನ ಐತಿಹಾಸಿಕ ಕೋಶದ ತಾಣದಲ್ಲಿದೆ. ಇದರ ಪ್ರಯೋಜನ ಚೆನ್ನಾಗಿ ಕಾಣುವುದು ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ಹೋದ ಇಟಾಲಿಯನ್ ಮಾತಿನ ಸ್ವಿಸ್ಸರಲ್ಲಿ. 1850ರ ದಶಕದಲ್ಲಿ ಟಿಚಿನೊ ಪ್ರಾಂತದಿಂದ ಸುಮಾರು 2000 ಮಂದಿ ಚಿನ್ನ ಹುಡುಕಿಕೊಂಡು ಹೋದರು, ಕೆಲವರು ಡೇಲ್ಸ್‌ಫರ್ಡ್, ಹೆಪ್‌ಬರ್ನ್ ಕಡೆ ನೆಲೆನಿಂತು ದ್ರಾಕ್ಷಿ ಬೆಳೆದು ವೈನ್ ಮಾಡಿದರು. ಅಲ್ಲಿಯ ಗುಮಾಸ್ತರು ಅವರ ಹೆಸರನ್ನು ಇಂಗ್ಲಿಷ್ ಮಾಡಿಟ್ಟರು. ಆದರೆ ಮೂಲ ಗ್ರಾಮ ತಿಳಿದರೆ ಹಳೇ ಹೆಸರು ಸಿಗುತ್ತದೆ. ಆ ಕಡೆಯ ಇಟಾಲಿಯನ್ ಪತ್ರಗಳಲ್ಲಿ ತಂದೆಯ ಹೆಸರಿನ ಹಿಂದೆ 'ಫು' ಎಂದಿದ್ದರೆ ತಂದೆ ಆಗಲೇ ತೀರಿಕೊಂಡಿದ್ದ, 'ದಿ' ಎಂದಿದ್ದರೆ ಬದುಕಿದ್ದ. ಎರಡು ಪತ್ರ ಪಕ್ಕಪಕ್ಕ ಇಟ್ಟರೆ ಸಾವಿನ ವರ್ಷ ಯಾವುದರ ನಡುವೆ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಕಾಂಡಕೊರಕದ ವರ್ಷಗಳಿಗೆ ಇರುವ ಬೆಲೆ ಅಲ್ಲಿ 1877ಕ್ಕಿದೆ: ಗೀಲಾಂಗ್ ಬಳಿ ದ್ರಾಕ್ಷಿಯ ಬೇರಿಗೆ ಫಿಲಾಕ್ಸೆರ ಹೇನು ಬಿದ್ದು ತೋಟಗಳನ್ನೇ ಕಿತ್ತುಹಾಕಿಸಿದ ಕಾಲ.

ಲೈನಿನ (ಆಳುಗಳ ಸಾಲುಮನೆಗಳ) ಜನ

ದೊರೆ ಊರಿಗೆ ಹೋದ ಮೇಲೂ ಇಲ್ಲೇ ಉಳಿದವರು ರೈಟರು (ತೋಟದ ಗುಮಾಸ್ತರು), ಮೇಸ್ತ್ರಿ, ಆಳುಗಳ ಮನೆತನದವರು. ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದರೆ ಅವರನ್ನು ಕೇಳದೆ ಚರಿತ್ರೆ ಬರೆದರೆ ಅದು ಅರ್ಧದ್ದು. ಹಳೇ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಸಿಕ್ಕರೆ ಪುಟಕ್ಕೊಂದು ಫೋಟೊ ತೆಗೆಯಿರಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಬೇಡವೇ ಬೇಡ. ಅಜ್ಜ ಅಜ್ಜಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಧಾತು ಅಂದರೆ 1876-77 ಆಗಬಹುದು, 1936-37 ಕೂಡ ಆಗಬಹುದು. ಅರವತ್ತು ವರ್ಷದ ಈ ಗೊಂದಲ ಬಿಡಿಸಲು "ಬರ ಬಂದಾಗಲೋ?" ಎಂದು ಕೇಳಿ. ಧಾತು ಈಶ್ವರದ ಬರ ಮನೆಮಾತಿನಲ್ಲಿ ಉಳಿದಿದ್ದರೆ ಮೊದಲನೆಯದು.

ದೊರೆಗೂ ಇಲ್ಲಿಯ ಹೆಂಗಸಿಗೂ ಹುಟ್ಟಿದ ಮಕ್ಕಳ ಮಾತು ಬಂದರೆ ಎಚ್ಚರ. ರಿಜಿಸ್ಟರಿನಲ್ಲಿ ತಂದೆಯ ಕಾಲಮ್ ಖಾಲಿ ಇರಬಹುದು, ವಿಲ್ಲಿನಲ್ಲಿ ಮಾತ್ರ ಒಬ್ಬ ಹೆಂಗಸಿಗೆ ಕಾರಣ ಹೇಳದೆ ವರ್ಷಾಶನ ಬರೆದಿರಬಹುದು. ಆ ಮನೆಯವರು ಇದ್ದಾರಾದರೆ ಅವರ ಒಪ್ಪಿಗೆ ಇಲ್ಲದೆ ಹೆಸರು ಹಾಕಬೇಡಿ. ಉಳಿದೆಲ್ಲ ಸಂಗತಿಯ ಪಕ್ಕದಲ್ಲಿ ಅದು ಯಾವ ಕಚೇರಿಯ, ಯಾವ ಸಂಪುಟದ, ಎಷ್ಟನೇ ಪುಟದ್ದು ಎಂದು ಬರೆದಿಡಿ. ಬಾಯಿಮಾತಿನದ್ದಾದರೆ ಹೇಳಿದವರ ವಯಸ್ಸು, ಕೇಳಿದ ತಾರೀಕು ಸಾಕು.