ಊರು ಬಿಟ್ಟು ಬಂದವರಿಗೆ ಕಲಬುರಗಿಯಲ್ಲಿ ಒಂದು ಗುಂಟೆ ಸೊಪ್ಪು: ಜೊತೆಗೆ ನಿಲ್ಲುವುದು ಹೇಗೆ

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡ ಕೆಲಸ. ಭೀಮಾ ಹೊಳೆ ಉಕ್ಕಿ ಮನೆ ಬಿದ್ದು, ಅಫಜಲಪುರ ಕಡೆಯಿಂದ ಕಲಬುರಗಿಗೆ ಬಂದಿದ್ದ ಒಂದು ಕುಟುಂಬ. ರಿಂಗ್ ರೋಡ್ ಹತ್ತಿರ ಒಂದು ಖಾಲಿ ಸೈಟು ಹುಡುಕಿಕೊಟ್ಟು, ಮೆಂತೆ ಬಿತ್ತುವುದು ಹೇಗೆ ಅಂತ ಮೊಬೈಲಿನಲ್ಲಿ ವಿಡಿಯೊ ತೋರಿಸಲು ಹೋದೆ. ಆ ಮನೆಯ ಅಜ್ಜಿ ಅರ್ಧ ನಿಮಿಷ ಸುಮ್ನೆ ನೋಡಿದರು. ಆಮೇಲೆ, ‘ತಮ್ಮಾ, ಬಿತ್ತೂದು ನನಗ ಗೊತ್ತದ. ನೀರ ಯಾರ ಕೊಡ್ತಾರ, ಅದು ಹೇಳು’ ಅಂದರು.

ಅಜ್ಜಿ ಕೇಳಿದ್ದೇ ಸರಿ. ಹೊಳೆಗೆ ಮನೆ ಕೊಟ್ಟು ಬಂದವರಿರಲಿ, ಡ್ಯಾಮಿಗೆ ಹೊಲ ಕೊಟ್ಟು ಬಂದವರಿರಲಿ, ಮಳೆ ಕೈಕೊಟ್ಟು ಗುಳೆ ಬಂದು ಇಲ್ಲೇ ಉಳಿದವರಿರಲಿ, ಬಹಳ ಜನರಿಗೆ ಒಕ್ಕಲುತನ ನಮಗಿಂತ ಚೆನ್ನಾಗಿ ಗೊತ್ತು. ಪಟ್ಟಣದಲ್ಲಿ ಇಲ್ಲದೇ ಇರುವುದು ಮೂರು: ಜಾಗ, ನೀರು, ಬಜಾರದಲ್ಲಿ ಕೂರಲು ನಾಲ್ಕು ಅಡಿ ನೆಲ. ಈ ಮೂರೂ ಸಿಗುವುದು ಪರಿಚಯದವರು ಯಾರಾದರೂ ಒಂದು ಮಾತು ಹೇಳಿದರೆ ಮಾತ್ರ. ಹಾಗಾಗಿ ಸಹಾಯ ಮಾಡಬೇಕು ಅಂತಿದ್ದರೆ ಮೇಷ್ಟ್ರಾಗಬೇಡಿ, ಜಾಮೀನಾಗಿ.

ಬೈಲಕುಪ್ಪೆ, ಮುಂಡಗೋಡದ ಟಿಬೆಟಿಯನ್ನರಿಗೆ, ಸಿಂಧನೂರು ಹತ್ತಿರದ ಕ್ಯಾಂಪುಗಳ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ಜಮೀನು ಕೊಟ್ಟು ನೆಲೆ ಮಾಡಿಸಿತ್ತು. 2009ರ ನೆರೆ ಆದಮೇಲೆ ಎಷ್ಟೋ ಊರುಗಳಿಗೆ ಸರ್ಕಾರದ ಆಸರೆ ಯೋಜನೆಯ ಮನೆಗಳು ಬಂದವು. 2020ರ ಅಕ್ಟೋಬರ್‌ನಲ್ಲಿ ಮತ್ತೆ ನೆರೆ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ. ಆದರೆ ತಾವಾಗಿ ಪಟ್ಟಣಕ್ಕೆ ಬಂದು ಬಾಡಿಗೆ ಕೋಣೆ ಹಿಡಿದವರಿಗೆ ಯಾರೂ ಎಕರೆಗಟ್ಟಲೆ ಕೊಡುವುದಿಲ್ಲ. ಅವರಿಗೆ ನಾವು ಯೋಚಿಸಬೇಕಾಗಿರುವುದು ಒಂದು ಗುಂಟೆಯ ಲೆಕ್ಕದಲ್ಲಿ. 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. ನಮ್ಮ 30–40ರ ಸೈಟು 1200 ಚದರ ಅಡಿ, ಗುಂಟೆಗಿಂತ ಸ್ವಲ್ಪ ಜಾಸ್ತಿನೇ! ಹೊಸ ಬಡಾವಣೆಗಳಲ್ಲಿ ಇಂಥ ಸೈಟುಗಳು ಜಾಲಿ ಬೆಳೆದು ಬಿದ್ದಿರುತ್ತವೆ.

ಸೈಟಿನ ಮಾಲೀಕರನ್ನು ಒಪ್ಪಿಸುವುದು ನಿಮ್ಮ ಕೆಲಸ, ಕುಟುಂಬದ್ದಲ್ಲ. ಮಾಲೀಕರಿಗೆ ಇರುವ ಭಯ ಒಂದೇ. ಉಳುವವನೇ ಒಡೆಯ ಅಂತ 1974ರಲ್ಲಿ ಕಾನೂನು ಬಂದು ಐವತ್ತು ವರ್ಷ ದಾಟಿದೆ, ಆದರೂ ನೆಲದಲ್ಲಿ ಯಾರಾದರೂ ಕೈಯಾಡಿಸಿದರೆ ಅದು ಅವರದೇ ಆಗಿಬಿಡುತ್ತದೆ ಅನ್ನುವ ಅಂಜಿಕೆ ಇನ್ನೂ ಹೋಗಿಲ್ಲ, ಮನೆ ಕಟ್ಟುವ ಸೈಟಾದರೂ ಅದೇ ಅಂಜಿಕೆ. ಆದ್ದರಿಂದ ಒಂದು ಹಾಳೆಯಲ್ಲಿ ಬರೆದುಬಿಡಿ: ಇದು ಗೇಣಿ ಅಲ್ಲ, ಇಷ್ಟು ತಿಂಗಳು ಸೊಪ್ಪು ಬೆಳೆಯಲು ಕೊಟ್ಟ ಅನುಮತಿ, ಗಿಡ ಮರ ಹಚ್ಚುವುದಿಲ್ಲ, ಗುಡಿಸಲು ಹಾಕುವುದಿಲ್ಲ. ಅದಕ್ಕೆ ಬದಲಾಗಿ ಮಾಲೀಕರೂ ಒಂದು ಮಾತು ಕೊಡಬೇಕು: ಸೈಟು ಬೇಕಾದರೆ 45 ದಿನ ಮೊದಲೇ ಹೇಳುತ್ತೇವೆ ಅಂತ. ಯಾಕೆ 45? ಬಿತ್ತಿದ ಸೊಪ್ಪು ಕಿತ್ತುಕೊಳ್ಳಲು ಅಷ್ಟು ದಿನ ಬೇಕು. ನಾವು ಮೊದಲ ಸಲ ಬರೀ ಬಾಯಿಮಾತಿನ ಮೇಲೆ ಹೋಗಿದ್ದೆವು. ಪಾಲಕ್ ಕೊಯ್ಲಿಗೆ ಬಂದ ವಾರವೇ ಮಾಲೀಕರ ಅಳಿಯ ಜೆಸಿಬಿ ತಂದು ನಿಲ್ಲಿಸಿದ. ತಪ್ಪು ಅವನದಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

ಮಣ್ಣು. ಖಾಲಿ ಸೈಟು ಅಂದರೆ ಸುತ್ತಮುತ್ತ ಮನೆ ಕಟ್ಟಿದವರೆಲ್ಲ ಸಿಮೆಂಟು, ಶಹಾಬಾದ್ ಕಲ್ಲಿನ ಪುಡಿ, ಒಡೆದ ಟೈಲ್ಸು ತಂದು ಸುರಿದ ಜಾಗ. ಒಂದು ಮೊಳ ಅಗೆದು ನೋಡಿ. ಕೆಳಗೆ ಎರೆಮಣ್ಣು ಸಿಕ್ಕರೆ ಮೇಲಿನದನ್ನು ಬಾಚಿ ಹಾಕಿ. ಎರೆಮಣ್ಣಿಗೆ ಎರಡು ರೋಗ, ಒಣಗಿದರೆ ಬಿರುಕು ಬಿಡುತ್ತದೆ, ಮಳೆ ಬಂದರೆ ನೀರು ನಿಂತು ಬೇರು ಕೊಳೆಯುತ್ತದೆ. ಎರಡಕ್ಕೂ ಔಷಧಿ ಒಂದೇ, ಆರೇಳು ಇಂಚು ಎತ್ತರದ ಮಡಿ ಮತ್ತು ಕೈತುಂಬ ಗೊಬ್ಬರ. ಕುರಿ ಹಿಕ್ಕಿ ಸಿಕ್ಕರೆ ಬಿಡಬೇಡಿ. ಮಾಳಿಗೆ ಮೇಲೆ ಬೆಳೆಯೋಣ ಅನ್ನುವವರಿಗೆ ಒಂದು ಮಾತು: ಒಂದು ಅಡಿ ಉದ್ದ, ಅಗಲ, ಆಳದ ಹಸಿ ಮಣ್ಣು 45 ಕೆ.ಜಿ.ಗೆ ಕಡಿಮೆ ಇರುವುದಿಲ್ಲ. ಆರ್‌ಸಿಸಿ ಮಾಳಿಗೆಗೂ ಅದು ಭಾರವೇ. ಕಲ್ಲು ಹಾಸಿದ ಮಾಳಿಗೆ, ತಗಡಿನ ಮನೆ ಆದರೆ ಆ ಯೋಚನೆಯನ್ನೇ ಬಿಡಿ.

ನೀರಿನ ಲೆಕ್ಕ ಮೊದಲೇ ಹಾಕಿ. ಗುಂಟೆಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 600 ಲೀಟರ್ ಬೇಕು, 15 ಲೀಟರಿನ ಕೊಡದಲ್ಲಿ 40 ಕೊಡ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಕುಡಿಯುವ ನೀರಿಗೇ ಸರದಿ. ಆ ಎರಡು ತಿಂಗಳು ಕಾಲು ಗುಂಟೆ ಮಾತ್ರ ಇಟ್ಟುಕೊಂಡು, ಮೇಲೆ ಹಳೆಯ ಕಾಟನ್ ಸೀರೆ ಕಟ್ಟಿ ನೆರಳು ಮಾಡಿ, ಉಳಿದದ್ದನ್ನು ಖಾಲಿ ಬಿಡುವುದೇ ಜಾಣತನ. ಪಕ್ಕದ ಮನೆಯವರ ಬೋರಿನಿಂದ ನೀರು ಕೇಳಿ, ಬದಲಿಗೆ ವಾರಕ್ಕೆರಡು ಸೂಡು (ಕಟ್ಟು) ಸೊಪ್ಪು ಕೊಡುವ ಮಾತಾಡಿಕೊಳ್ಳಿ. ಎಷ್ಟೇ ಕಷ್ಟ ಬಂದರೂ ಗಟಾರದ ನೀರು ಬೇಡ. ಸೊಪ್ಪು ದಟ್ಟವಾಗಿ ಬರುತ್ತದೆ ನಿಜ, ಜೊತೆಗೆ ವಾಂತಿ ಬೇಧಿಯೂ ಬರುತ್ತದೆ. ಗಟಾರದ ಸೊಪ್ಪು ಅಂತ ಒಂದು ಸಲ ಓಣಿಯಲ್ಲಿ ಹೆಸರು ಬಿದ್ದರೆ ಆಮೇಲೆ ಅಮೃತ ಹಾಕಿ ಬೆಳೆದರೂ ಯಾರೂ ಕೊಳ್ಳುವುದಿಲ್ಲ.

ಏನು ಬೆಳೆಯಬೇಕು? ತಿಂಗಳೊಳಗೆ ಕೈಗೆ ದುಡ್ಡು ತರುವುದನ್ನು. ಬಾಡಿಗೆ ಕಟ್ಟಬೇಕಾದವರಿಗೆ ಟೊಮೆಟೊಗೆ ಮೂರು ತಿಂಗಳು ಕಾಯಿರಿ ಅಂತ ಹೇಳುವುದು ತಮಾಷೆ ಅಲ್ವಾ? ಅದೂ ಕಾಯಿ ಬರುವ ಹೊತ್ತಿಗೆ ರೇಟು ಎಲ್ಲಿರುತ್ತದೋ. ರಾಜಗಿರಿ, ಮೆಂತೆ 25–30 ದಿನಕ್ಕೆ ಬರುತ್ತವೆ. ಪಾಲಕ್ ಒಂದು ತಿಂಗಳು ದಾಟಿದಮೇಲೆ ಮೊದಲ ಕೊಯ್ಲು, ಆಮೇಲೆ ಎರಡು ವಾರಕ್ಕೊಮ್ಮೆ ಚಿಗುರುತ್ತದೆ. ಕೊತ್ತಂಬರಿ ಚಳಿಗಾಲದ್ದು, ಬಿಸಿಲಿಗೆ ಬೇಗ ಹೂ ಬಿಟ್ಟು ಕೈಕೊಡುತ್ತದೆ. ಬಿತ್ತುವ ಮೊದಲು ಕಾಳನ್ನು ಉಜ್ಜಿ ಎರಡು ಹೋಳು ಮಾಡಿ. ಬಿಸಿಲು ತಡೆಯುವುದು ಪುಂಡಿ (ಗೋಂಗುರ ಸೊಪ್ಪು) ಮತ್ತು ರಾಜಗಿರಿ. ಜೋಳದ ರೊಟ್ಟಿ ಇರುವಲ್ಲೆಲ್ಲ ಪುಂಡಿ ಪಲ್ಯಕ್ಕೆ ಗಿರಾಕಿ ಇದ್ದೇ ಇದ್ದಾರೆ. ಶೋಕಿಗೆ ಅಂತ ಲೆಟ್ಯೂಸ್ ಹಾಕಿಸಿದ್ದೆ ಒಂದು ಸಲ. ಆಡು ತಿಂದವು.

ಪೂರ್ತಿ ಗುಂಟೆ ಒಂದೇ ದಿನ ಬಿತ್ತಬೇಡಿ. ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲು. ಆಗ ತಿಂಗಳ ನಂತರ ಪ್ರತಿ ವಾರ ಮಾರಲು ಏನಾದರೂ ಇರುತ್ತದೆ, ಗಿರಾಕಿ ಕೈತಪ್ಪುವುದಿಲ್ಲ. ಹಬ್ಬದ ಲೆಕ್ಕ ಇದಕ್ಕೆ ಹೊರತು. ಎಳ್ಳ ಅಮಾವಾಸ್ಯೆಗೆ ಭಜ್ಜಿ (ಕರಿದದ್ದಲ್ಲ, ಸೊಪ್ಪು ಕಾಳು ಕೂಡಿಸಿ ಬೇಯಿಸುವ ಪಲ್ಯ) ಮಾಡದ ಮನೆ ನಮ್ಮಲ್ಲಿ ಕಡಿಮೆ, ಹಿಂದಿನ ಎರಡು ದಿನ ಬಜಾರದಲ್ಲಿ ಮೆಂತೆಗೂ ಪುಂಡಿಗೂ ಜನ ಮುಗಿಬೀಳುತ್ತಾರೆ. ಆ ದಿನದಿಂದ ಹಿಂದಕ್ಕೆ ಒಂದು ತಿಂಗಳು ಎಣಿಸಿ ಎರಡು ಪಾಲು ಒಟ್ಟಿಗೆ ಬಿತ್ತಿ. ರಂಜಾನ್ ತಿಂಗಳಿಗೆ ಪುದೀನ ಇರಲಿ, ಅದಕ್ಕೆ ಬೀಜವೂ ಬೇಡ, ಕಡ್ಡಿ ನೆಟ್ಟರೆ ಸಾಕು. ಸೊಪ್ಪಿಗೆ ಹೇನು (ಎಲೆಯ ರಸ ಹೀರುವ ಸಣ್ಣ ಹುಳ) ಬಿದ್ದರೆ ಬೇವಿನ ಬೀಜ ಕುಟ್ಟಿ, ಲೀಟರಿಗೆ 50 ಗ್ರಾಂ ಪುಡಿ ರಾತ್ರಿ ನೆನೆಹಾಕಿ, ಸೋಸಿ, ಚೂರು ಸಾಬೂನು ಕದಡಿ ಸಂಜೆ ಹೊತ್ತು ಸಿಂಪಡಿಸಬೇಕು.

ಇನ್ನು ಮಾರುವ ಮಾತು. ಇಲ್ಲೇ ಹೆಚ್ಚಿನವರು ಸೋಲುವುದು. ಮೊದಲ ಎರಡು ವಾರ ಬಜಾರಕ್ಕೆ ಹೋಗಬೇಡಿ, ಸೈಟಿನ ಸುತ್ತಲಿನ ಮೂರು ಓಣಿ ಸಾಕು. ನೀವೂ ಜೊತೆಗೆ ನಡೆಯಿರಿ. ‘ಅಕ್ಕಾರ, ಇವರು ನಮ್ಮ ಪೈಕಿ, ಇಲ್ಲೇ ಬೆಳೀತಾರ’ ಅನ್ನುವ ಒಂದು ಮಾತಿಗೆ ಎಷ್ಟು ಬಾಗಿಲು ತೆರೆಯುತ್ತವೆ ನೋಡಿ. ಅದೇ ಹೊತ್ತಿಗೆ ಒಂದು ದಿನ ನಸುಕಿನಲ್ಲಿ ತರಕಾರಿ ಮಾರುವ ಕಣ್ಣಿ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ, ಏನನ್ನೂ ಮಾರದೆ ಸುಮ್ನೆ ನಿಂತು ನೋಡಿ: ಸೂಡು ಎಷ್ಟು ದಪ್ಪ, ಹತ್ತಕ್ಕೆ ಎಷ್ಟು, ದಲಾಲರು ಎಷ್ಟು ಮುರಿದುಕೊಳ್ಳುತ್ತಾರೆ. ಒಂದು ಗುಂಟೆಯವರಿಗೆ ದಲಾಲಿ ಅಂಗಡಿ ಲಾಭವಿಲ್ಲ. ಅವರದು ಚಿಲ್ಲರೆ ವ್ಯಾಪಾರ, ಅಥವಾ ಖಾನಾವಳಿ. ದಿನಾ ಪಲ್ಯ ಬೇಕಾದ ಒಂದು ಖಾನಾವಳಿ ಗಟ್ಟಿಯಾದರೆ ಅರ್ಧ ಚಿಂತೆ ಕಳೆಯಿತು. ಆದರೆ ದುಡ್ಡು ವಾರಕ್ಕೊಮ್ಮೆ ಅಂತ ಮೊದಲೇ ಮಾತಾಗಲಿ. ಉದ್ರಿ ತಿಂಗಳಿಗೆ ಹೋಯಿತೋ, ಮುಗಿಯಿತು.

ರಸ್ತೆ ಬದಿ ಕೂರುವುದಾದರೆ ಮೊದಲು ಮಾತಾಡಿಸಬೇಕಾದವರು ಅಧಿಕಾರಿಗಳಲ್ಲ, ಅಲ್ಲಿ ಇಪ್ಪತ್ತು ವರ್ಷದಿಂದ ಕೂತ ಅಕ್ಕಂದಿರು. ಅವರಿಗೆ ಗೊತ್ತಿಲ್ಲದೆ ಬುಟ್ಟಿ ಇಳಿಸಿದರೆ ಅರ್ಧ ಗಂಟೆಯಲ್ಲಿ ಜಗಳ. ರೇಟು ಇಳಿಸಿ ಗಿರಾಕಿ ಸೆಳೆಯುವ ಐಡಿಯಾ ನನ್ನದೇ ಆಗಿತ್ತು. ಅಜ್ಜಿ ಒಪ್ಪಲಿಲ್ಲ. ‘ಹೊಸದಾಗಿ ಬಂದೀವಿ, ಅವರ ಬಾಯಾಗ ಮಣ್ಣ ಹಾಕಬಾರದು’ ಅಂದರು. ರೇಟು ಅದೇ ಇಟ್ಟು, ಅವರು ತರದ ಸೊಪ್ಪು ತಂದರು. ಮೂರನೇ ವಾರಕ್ಕೆ ಪಕ್ಕದವರೇ ಗೋಣಿಚೀಲ ಸರಿಸಿ ಜಾಗ ಕೊಟ್ಟರು.

ಕಾಗದದ ಕೆಲಸವೂ ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಪಟ್ಟಣಕ್ಕೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಸಮೀಕ್ಷೆಯಲ್ಲಿ ಹೆಸರು ಬಂದವರಿಗೆ ಪ್ರಮಾಣಪತ್ರ ಕೊಡಬೇಕು, ಎಬ್ಬಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಪಾಲಿಕೆಗೆ ಹೋಗಿ ಸಮೀಕ್ಷೆ ಯಾವಾಗ ಅಂತ ಕೇಳಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪ್ರಮಾಣಪತ್ರ ಅಥವಾ ಪಾಲಿಕೆಯ ಶಿಫಾರಸು ಪತ್ರ ಇದ್ದರೆ ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ಸ್ವನಿಧಿ ಸಾಲಕ್ಕೆ ಹಾಕಬಹುದು. 2020ರಲ್ಲಿ 10 ಸಾವಿರದಿಂದ ಶುರುವಾದ ಮೊದಲ ಕಂತು ಈಗ 15 ಸಾವಿರ. ಜಕಾತಿ (ಬಜಾರದಲ್ಲಿ ಕೂರುವ ಸುಂಕ) ಕೊಟ್ಟಾಗಲೆಲ್ಲ ಚೀಟಿ ಕೇಳಿ, ಎತ್ತಿಡಿ. ಇಲ್ಲಿ ಕೂತು ಮಾರುತ್ತಿದ್ದರು ಅನ್ನುವುದಕ್ಕೆ ನಾಳೆ ಆ ಚೀಟಿಗಳೇ ಸಾಕ್ಷಿ.

ಫೋನ್‌ಪೇ ಸ್ಕ್ಯಾನರ್ ನಿಮ್ಮ ಹೆಸರಲ್ಲಿ ಬೇಡ, ಮಾರುವವರ ಖಾತೆಗೇ ಇರಲಿ. ನನ್ನ ಹೆಸರಲ್ಲಿ ಇಟ್ಟು ಎರಡು ತಿಂಗಳು ಲೆಕ್ಕ ಹೊಂದಿಸಲು ಒದ್ದಾಡಿದ್ದೇನೆ. ಸೈಟಿನ ಒಂದು ಮೂಲೆಯಲ್ಲಿ ನಾಲ್ಕು ಗಿಡ ರಾಜಗಿರಿ, ನಾಲ್ಕು ಗಿಡ ಪುಂಡಿ ಕೀಳದೆ ಬೀಜಕ್ಕೆ ಬಿಡಿ. ಮುಂದಿನ ಸಲ ಬಿತ್ತಲು ಅಂಗಡಿಗೆ ಹೋಗುವುದು ತಪ್ಪುತ್ತದೆ.